ಬನ್ನಿಗೆ ಬಂದ ನೋಟಿಸು

ಸಾಹೇಬರ ಮೊಣಕೈ ಸದಾ ಒದ್ದೆ. ದುಬೈಯ ನಮ್ಮ ವಿಲ್ಲಾ ಕಾಲೋನಿಯಲ್ಲಿ ಅವರದು ಪಕ್ಕದ ಮನೆ. ನಮಾಜಿಗೆ ಮುಂಚೆ ಅಂಗಳದ ನಲ್ಲಿಯಡಿ ಬೋಗುಣಿ ಇಟ್ಟು ಕೈಕಾಲು ತೊಳೆಯುತ್ತಿದ್ದರು. ಮೊಣಕೈ ಒರೆಸಿಕೊಳ್ಳುವ ಮೊದಲೇ ಆ ನೀರನ್ನು ಗಿಡಗಳ ಬುಡಕ್ಕೆ ಸುರಿಯುತ್ತಿದ್ದರು. "ಹೊಳೆ ಬದಿಯಲ್ಲಿ ಕೂತರೂ ನೀರು ಪೋಲು ಮಾಡ್ಬಾರ್ದು ಮಾರಾಯ್ರೆ" ಎನ್ನುತ್ತಿದ್ದರು. ಭಟ್ಕಳದವರು. ಇಲ್ಲಿನ ನೈಫ್ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿ, ಇಳಿವಯಸ್ಸಿನಲ್ಲಿ ಮನೆ ಕೊಂಡವರು.

ಕೊಂಡ ವರ್ಷವೇ ಹುಲ್ಲುಹಾಸು ಕಿತ್ತೆಸೆದು ಈ ಮಣ್ಣಿನದೇ ಗಿಡಗಳನ್ನು ನೆಟ್ಟರು. ನಡುವೆ ಒಂದು ಘಾಫ್ ಮರ. ಅದು ನಮ್ಮ ಬನ್ನಿಯೇ! ಧಾರವಾಡದವನಾದ ನನಗೆ ದಸರೆಗೆ ಅದರದೇ ಎಲೆ. ಮೊದಲ ಎಲೆ ಅವರ ಕೈಗಿಟ್ಟು "ಬಂಗಾರದಂಗ ಇರೂಣ್ರಿ" ಎಂದರೆ, ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು.

ಅಂಥ ಮರಕ್ಕೆ ನೋಟಿಸು ಕೊಟ್ಟವನು ನಾನೇ. ಮಾಲೀಕರ ಸಮಿತಿಯ ಕಾರ್ಯದರ್ಶಿ ಎಂಬ ದೊಡ್ಡಸ್ತಿಕೆ ಬೇರೆ! ಮ್ಯಾನೇಜ್‌ಮೆಂಟಿನವರು ಕಳಿಸಿದ ಕಾಗದಗಳಿಗೆಲ್ಲ ಓದದೆ ಸಹಿ ಗೀಚಿದ್ದೆ. ಹುಲ್ಲು ಹಾಕಿಸದಿದ್ದರೆ ನಾವೇ ಬಂದು ಗಿಡ ಕೀಳುತ್ತೇವೆ ಎಂದಿತ್ತು ಅವುಗಳಲ್ಲಿದ್ದ ಸಾಹೇಬರ ನೋಟಿಸಿನಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಸಾಹೇಬರು ಕಾಲೋನಿಯ ನಿಯಮದ ಪುಸ್ತಕ ಹಿಡಿದು ಬಂದರು. "ಅಂಗಳ ಹಸಿರಾಗಿ, ಚೊಕ್ಕ ಇರ್ಬೇಕು ಅಂತ ಉಂಟು. ಹುಲ್ಲೇ ಆಗ್ಬೇಕು ಅಂತ ಎಲ್ಲುಂಟು? ಮನೆ ನನ್ನದು. ನೀವೇ ಮೀಟಿಂಗಲ್ಲಿ ಇದನ್ನ ಓದಿ ಹೇಳಿ."

"ಹೇಳ್ತೀನ್ರಿ" ಎಂದೆ. ಹೇಳಲಿಲ್ಲ. ಕಾಲೋನಿಯ ಚೆಂದ ಕೆಡುತ್ತದೆ ಎಂದು ಯಾರೋ ಅಂದರು, ಉಳಿದವರು ತಲೆಯಾಡಿಸಿದರು, ನಾನು ಚಹಾ ಕುಡಿದು ಎದ್ದು ಬಂದೆ. ಥೂ, ಆವತ್ತು ನನ್ನ ಬಾಯಿಗೆ ಏನು ಬಡಿದಿತ್ತು!

ಸಾಹೇಬರು ಮೊಮ್ಮಗಳ ಮದುವೆಗೆ ಊರಿಗೆ ಹೋದ ವಾರವೇ ಮ್ಯಾನೇಜ್‌ಮೆಂಟಿನವರು ಬಂದು ಮರ ಕಡಿದು ಹುಲ್ಲು ಹಾಸಿದರು. ನಾನು ಆಫೀಸಿನಲ್ಲಿದ್ದೆ. ಸಾಹೇಬರು ಮರಳಿ ಬಂದರು. ತುಂಬಿದ ಬೋಗುಣಿ ಹಿಡಿದು ನನ್ನ ಬಾಗಿಲಿಗೆ ಬಂದು, "ಇದನ್ನ ಎಲ್ಲಿ ಹೊಯ್ಯಲಿ, ಹೇಳಿ" ಎಂದರು. ರಂಜಾನಿಗೆ ಮೊದಲೇ ತೀರಿಕೊಂಡರು.

ಆ ವರ್ಷದ ದಸರೆಗೆ ನಾನೂ ನನ್ನ ಅಂಗಳದ ಹುಲ್ಲು ಕಿತ್ತು ಬನ್ನಿ ನೆಟ್ಟೆ. ಈಗ ನನಗೂ ನೋಟಿಸು ಬಂದಿದೆ. ಅಕ್ಷರ ಬಿಡದೆ ಓದಿದೆ. ಸಾಹೇಬರು ತೋರಿಸಿದ ನಿಯಮವನ್ನೇ ಉತ್ತರವಾಗಿ ಬರೆದು ಕಳಿಸಿದೆ. ಹೊಸ ಕಾರ್ಯದರ್ಶಿ ಉಡುಪಿಯವರು. ಅವರಿಗೆ ಫೋನು ಮಾಡಿ ಕನ್ನಡದಲ್ಲೇ ಹೇಳಿದೆ: "ಕಡ್ಯಾಕ ಬರ್ರಿ. ಈ ಸಲ ನಾ ಮನ್ಯಾಗ ಅದೀನಿ."