ಕೈ ಹಿಂದೆ, ಅಕ್ಕಾ

ಮೆಟ್ಟಿಲು ಹತ್ತುವಾಗ ಅವನ ಬಲ ಮಂಡಿ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರೂ, ಬರುತ್ತಿರುವವನು ಕೆಳಮನೆಯ ತಮ್ಮ ಎಂದು ನಮಗೆ ಗೊತ್ತಾಗುತ್ತಿತ್ತು. ಅವನು ಯಾವಾಗಲೂ ಚಡ್ಡಿಯಲ್ಲೇ ಇರುತ್ತಿದ್ದ. ಮಂಡಿಯ ಮೇಲೆ ಗೇಣುದ್ದದ ಹೊಲಿಗೆಯ ಗುರುತು, ಚೀಲದ ಜಿಪ್ಪಿನ ಹಾಗೆ. ಅದನ್ನು ಮುಚ್ಚಿಕೊಳ್ಳಬೇಕೆಂದು ಅವನಿಗೆ ಎಂದೂ ಅನ್ನಿಸಿದಂತಿರಲಿಲ್ಲ.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿನ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಮ್ಮವರು ಅಲ್ಲಿನ ಒಂದು ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ನೆಲಮಹಡಿಯಲ್ಲಿದ್ದ ಅವನು ಅಲ್ಲೇ ಹುಟ್ಟಿದ ತಮಿಳ. ನಮ್ಮೊಡನೆ ತಮಿಳು, ಇಂಗ್ಲಿಷ್ ಬೆರೆಸಿ ಮಾತಾಡುತ್ತಾ ಮಾತಾಡುತ್ತಾ ನಮ್ಮ ಉಡುಪಿಯ ಕನ್ನಡವನ್ನೂ ಕಲಿತುಬಿಟ್ಟಿದ್ದ; ಮಾತಿನ ಕೊನೆಗೆ ಮಾತ್ರ ಅಲ್ಲಿಯವರ ಹಾಗೆ 'ಲಾ' ಸೇರಿಸುತ್ತಿದ್ದ. ಒಂಬತ್ತು ವರ್ಷ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು, ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ನಮಗೆ ಪರಿಚಯವಾಗುವ ಹೊತ್ತಿಗೆ ಆಟ ಬಿಟ್ಟು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ.

ಮೊದಲ ಲಾಕ್‌ಡೌನಿಗೆ ಕೆಲವೇ ದಿನ ಮುಂಚೆ ನಮ್ಮವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯವರು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಬಂದು ಮೂರನೆಯ ಮಹಡಿಗೆ ಮುಟ್ಟಿಸಿ ಹೋದರು. ಮತ್ತೆ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಆ ವಿಭಾಗವನ್ನೇ ಮುಚ್ಚಿದ್ದರು. ಈಗ ಕಾಲು ಬರದಿದ್ದರೆ ಇನ್ನು ಬರುವುದು ಕಷ್ಟ ಎಂದು ವೈದ್ಯರು ಹೇಳಿ ಕಳಿಸಿದ್ದ ಮಾತು ಮಾತ್ರ ನಮ್ಮ ಜೊತೆಗಿತ್ತು.

ಮೂರನೆಯ ದಿನ ಮೆಟ್ಟಿಲಲ್ಲಿ ಟಕ್ ಟಕ್ ಕೇಳಿಸಿತು. ನಾನು ಬಾಗಿಲ ಮುಂದಿನ ಗ್ರಿಲ್‌ನ ಬೀಗ ತೆಗೆಯಹೋದೆ.

"ಬೇಡ ಅಕ್ಕಾ, ತೆಗೀಬೇಡಿ. ನಾನು ಆಸ್ಪತ್ರೆಯಿಂದ ಬಂದವ. ಆಟದಲ್ಲಿ ಕೋಚ್ ಗೆರೆ ದಾಟಿ ಒಳಗೆ ಬರೋ ಹಾಗಿಲ್ಲ ಲಾ. ಇಲ್ಲಿಂದಲೇ ಕೂಗ್ತೇನೆ."

ಅಂದಿನಿಂದ ಒಂದು ವರ್ಷ ಅವನು ಆ ಗ್ರಿಲ್ ಹಿಡಿದು ನಿಂತೇ ನಮ್ಮವರಿಗೆ ನಡೆಯಲು ಕಲಿಸಿದ. ಒಮ್ಮೆಯೂ ಮುಟ್ಟಲಿಲ್ಲ.

ಕೆಳಗಿನ ಮಾಮಕ್, ಅಂದರೆ ತಮಿಳು ಮುಸಲ್ಮಾನರ, ಹೋಟೆಲಿನಲ್ಲಿ ಕೂತು ತಿನ್ನುವುದನ್ನು ಸರ್ಕಾರ ನಿಲ್ಲಿಸಿತ್ತು. ಅವರ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳಲ್ಲಿ ಆರನ್ನು ಕೇಳಿ ತಂದು ಗ್ರಿಲ್ ಹೊರಗಿಟ್ಟ. ಅವನು ಇಳಿದು ಹೋದ ಮೇಲೆ ನಾನು ಒಳಗೆ ತಂದು ಜೋಡಿಸಿದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕುರ್ಚಿಗಳ ಸಾಲು. ನಡುವೆ ನಮ್ಮವರ ಓಣಿ. ಎಷ್ಟು ಅಗಲ ಇರಬೇಕೆಂದು ಅಂಗುಲ ಲೆಕ್ಕದಲ್ಲಿ ನನ್ನಿಂದ ಅಳೆಸಿದ.

ತಪ್ಪು ಮಾಡುತ್ತಿದ್ದವಳು ನಾನು. ಅವರು ತುಸು ವಾಲಿದರೆ ಸಾಕು, ಓಡಿ ಹೋಗಿ ತಬ್ಬಿ ಹಿಡಿಯುತ್ತಿದ್ದೆ. ಹಿಡಿದ ಕೂಡಲೇ ಅವರು ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ನಿಂತುಬಿಡುತ್ತಿದ್ದರು. ಒಂದು ದಿನ ಹಾಗೆ ಹಿಡಿದಾಗ ಗ್ರಿಲ್ ಹೊರಗಿನಿಂದ ಕೂಗು ಬಂತು:

"ಹ್ಯಾಂಡ್‌ಬಾಲ್!"

ನಾನು ಬೆಚ್ಚಿಬಿದ್ದೆ. ನಮ್ಮವರು ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಇವಳಿಗೆ ರೆಡ್ ಕಾರ್ಡ್ ಕೊಡು ಮಾರಾಯ," ಎಂದು ತೊದಲಿದರು.

"ಗೋಲಿನ ಹತ್ತಿರ ಚೆಂಡು ಕೈಗೆ ತಾಗಿದ್ರೆ ಪೆನಾಲ್ಟಿ ಅಕ್ಕಾ. ಅದಕ್ಕೇ ನಾವು ಡಿಫೆಂಡರುಗಳು ಕೈ ಹಿಂದೆ ಕಟ್ಟಿ ನಿಲ್ತೇವೆ. ಕೈ ತಾನಾಗಿ ಮುಂದೆ ಬರ್ತದೆ, ಗೊತ್ತು. ಅದನ್ನು ಹಿಡಿದಿಡೋದೇ ಕಷ್ಟದ ಕೆಲಸ. ಕೈ ಹಿಂದೆ, ಅಕ್ಕಾ."

ನನಗೆ ಸಿಟ್ಟು ಬಂತು. "ಬಿದ್ದರೆ ನೀನು ಹಿಡಿಯುತ್ತೀಯಾ, ಅಲ್ಲಿ ಹೊರಗೆ ನಿಂತುಕೊಂಡು?" ಎಂದುಬಿಟ್ಟೆ.

ಅವನು ಕುರ್ಚಿಗಳ ಕಡೆ ಬೆರಳು ತೋರಿಸಿದ. "ಬಿದ್ರೆ ಕುರ್ಚಿ ಮೇಲೆ ಬೀಳ್ತಾರೆ. ಅದಕ್ಕೇ ಅಳತೆ ಮಾಡಿದ್ದು. ಬಿದ್ರೆ ತಪ್ಪು ನನ್ನದು, ನಿಮ್ಮದಲ್ಲ," ಎಂದ.

ನಾನು ಕೈ ಹಿಂದೆ ಕಟ್ಟಿಕೊಂಡೆ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿರಬೇಕಿತ್ತು, ಇಲ್ಲವಾದರೆ ನಿಲ್ಲುತ್ತಿರಲಿಲ್ಲ. ಅಂದು ನಮ್ಮವರು ನಾಲ್ಕು ಹೆಜ್ಜೆ ಹಾಕಿದರು.

ಅವನ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. "ಇವತ್ತು ಅಂಗಿ ಗುಂಡಿ ಹಾಕಿದ್ದು ಯಾರು?" ಎಂದು ಕೇಳುತ್ತಿದ್ದ. ನಾನು ತಲೆ ತಗ್ಗಿಸಿದರೆ, "ಬಿಚ್ಚಿ ಅಣ್ಣೇ, ನೀವೇ ಹಾಕಿ. ನನಗೆ ಅರ್ಜೆಂಟ್ ಇಲ್ಲ," ಎನ್ನುತ್ತಿದ್ದ. ಅರ್ಧ ಗಂಟೆ ಹಿಡಿದರೂ ನಿಂತಿರುತ್ತಿದ್ದ. ಹೊರಡುವಾಗ ನಾನು ನೀರುದೋಸೆ ಕಟ್ಟಿ ಗ್ರಿಲ್‌ಗೆ ನೇತುಹಾಕುತ್ತಿದ್ದೆ. "ಇದು ದೋಸೆಯಾ, ಟಿಶ್ಯೂ ಪೇಪರಾ ಲಾ?" ಎಂದು ಪ್ರತಿ ಸಲ ಕೇಳುವನು, ಮರುದಿನ ಖಾಲಿ ಡಬ್ಬಿ ತೊಳೆದು ತರುವನು.

ತನ್ನ ಮಂಡಿಯ ಕಥೆಯನ್ನು ಒಂದೇ ಸಲ ಹೇಳಿದ್ದ. ದೊಡ್ಡ ಪಂದ್ಯವೊಂದಿತ್ತು. ನೋವಿದ್ದದ್ದನ್ನು ಮುಚ್ಚಿಟ್ಟು, ಇಂಜೆಕ್ಷನ್ ಹಾಕಿಸಿಕೊಂಡು ಆಡಿದ. ಅಂದಿಗೆ ಆಟ ಮುಗಿಯಿತು. ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ಫಿಸಿಯೋ ಹೆಂಗಸು ದಿನಾ ಬಂದು ಅವನ ಮಂಡಿಯನ್ನು ಸ್ವಲ್ಪ ಸ್ವಲ್ಪವೇ ಮಡಚಿಸಿದಳು. "ಸ್ಟೇಡಿಯಂ ತುಂಬ ಜನ ನನಗೆ ಚಪ್ಪಾಳೆ ಹೊಡೆದಿದ್ರು ಅಕ್ಕಾ. ಆದ್ರೆ ಮಂಡಿ ಮಡಚಿದ್ದಕ್ಕೆ ಚಪ್ಪಾಳೆ ಹೊಡೆದವಳು ಅವಳೊಬ್ಬಳೇ." ಮೂವತ್ತೊಂದರ ವಯಸ್ಸಿನಲ್ಲಿ, ಹದಿನೆಂಟರ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಅವನು ಫಿಸಿಯೋಥೆರಪಿ ಓದಿದ.

ಎರಡನೆಯ ವರ್ಷ ಊರಲ್ಲೆಲ್ಲ ಕಾಯಿಲೆ ಹೆಚ್ಚಾದಾಗ ಅವನನ್ನು ಕೋವಿಡ್ ವಾರ್ಡಿಗೆ ಹಾಕಿದರು. ರೋಗಿಗಳನ್ನು ಬೋರಲು ಮಲಗಿಸುವುದು, ಉಸಿರಾಡಿಸುವುದು ಅವನ ಕೆಲಸ. ಅಂದಿನಿಂದ ಅವನು ನಮ್ಮ ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲಿ ನಿಂತು ಕೂಗುತ್ತಿದ್ದ. ಮನೆಯೊಳಗೆ ನಡೆಯುತ್ತಿದ್ದ ನಮ್ಮವರಿಗೆ ಇನ್ನು ಕಲಿಯಲು ಉಳಿದದ್ದು ಮೆಟ್ಟಿಲು. ಒಂದು ಮಣೆ ಇಟ್ಟು ಹತ್ತಿ ಇಳಿಯುವ ಅಭ್ಯಾಸ ಹೇಳಿಕೊಟ್ಟಿದ್ದ: ಇಳಿಯುವಾಗ ಸೋತ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು. ನಿಜವಾದ ಮೆಟ್ಟಿಲಿಗೆ ನಮ್ಮವರು ಹೆದರುತ್ತಿದ್ದರು.

ಆಮೇಲೆ ಅವನೇ ರೋಗಿಯಾಗಿ ಆ ವಾರ್ಡಿನಲ್ಲಿ ಮಲಗಿದ. ಒಂದು ಮಧ್ಯಾಹ್ನ ವಿಡಿಯೋ ಕರೆ ಮಾಡಿದ. ಮೂಗಿನಲ್ಲಿ ನಳಿಗೆ. "ಅಣ್ಣೇ, ಮಣೆ ಸಾಕು. ದೀಪಾವಳಿಗೆ ನಮ್ಮ ಮನೆಗೆ ಊಟಕ್ಕೆ ಬರ್ಬೇಕು. ಕೆಳಗೆ ಇಳಿದು. ನಾನು ಟಪಾವ್, ಪಾರ್ಸೆಲ್ ಅಂತ ಮೇಲೆ ಕಟ್ಟಿ ಕಳಿಸೋದಿಲ್ಲ," ಎಂದ. ಆ ನಾಲ್ಕು ಮಾತಿಗೆ ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡ. ಅವನು ನಮ್ಮೊಡನೆ ಆಡಿದ ಕೊನೆಯ ಮಾತು ಅದು.

ಅವನು ತೀರಿಹೋದ ದಿನ ಅವನ ಹೆಂಡತಿ ಫೋನ್ ಮಾಡಿದಳು. "ಮನೆಗೆ ತರಲು ಬಿಡುವುದಿಲ್ಲ ಅಕ್ಕಾ. ಸ್ಮಶಾನಕ್ಕೆ ಹೋಗುವಾಗ ಗೇಟಿನ ಹತ್ತಿರ ಎರಡು ನಿಮಿಷ ವ್ಯಾನ್ ನಿಲ್ಲಿಸುತ್ತಾರಂತೆ. ನೀವು ಮೇಲಿನಿಂದಲೇ ನೋಡಿ."

ನಮ್ಮವರು ಕೇಳಿಸಿಕೊಂಡು ಎದ್ದು ನಿಂತರು. "ಮೇಲಿನಿಂದ ಎಂತಕ್ಕೆ? ಇಳಿಯುವ," ಎಂದರು. ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡರು.

ಮೂರು ಮಹಡಿ. ಬಲಗೈ ಕಂಬಿಯ ಮೇಲೆ. ಎಡಗಾಲು ಮೊದಲು, ಬಲಗಾಲು ಆಮೇಲೆ. ನಾನು ಅವನು ಹೇಳಿದಂತೆ ಒಂದು ಮೆಟ್ಟಿಲು ಕೆಳಗೆ. ಕೊನೆಯ ತಿರುವಿನಲ್ಲಿ ಅವರ ಪಾದ ಅದುರಿತು. ನನ್ನ ಕೈ ಮುಂದೆ ಬಂದೇಬಿಟ್ಟಿತು. ವಾಪಸು ಎಳೆದುಕೊಂಡು ಮಣಿಕಟ್ಟು ಹಿಡಿದೆ. ಅವರು ನಿಂತು, ಉಸಿರು ಬಿಟ್ಟು, ಪಾದ ಊರಿದರು.

ಗೇಟಿನ ಹತ್ತಿರ ಹೋಗಿ ನಿಂತೆವು. ಬಿಳಿ ವ್ಯಾನ್ ಬಂತು, ನಿಂತಿತು, ಹೋಯಿತು. ಬಾಗಿಲು ತೆರೆಯಲಿಲ್ಲ. ಅವನ ಹೆಂಡತಿ ನಮ್ಮವರ ಕಾಲನ್ನೇ ನೋಡುತ್ತಿದ್ದಳು.

ಎಲ್ಲರೂ ಒಳಗೆ ಹೋದ ಮೇಲೆ ನಮ್ಮವರು ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿ ನೋಡಿದರು.

"ಹತ್ತುವಾಗ ಯಾವ ಕಾಲು ಮೊದಲು?"

ಅವರಿಗೆ ಗೊತ್ತಿತ್ತು. ಆದರೂ ಹೇಳುವವರೊಬ್ಬರು ಬೇಕಿತ್ತು.

"ಬಲಗಾಲು," ಎಂದೆ. ಅವರ ಹಿಂದೆ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡೆ.