ತಮ್ಮನ ಸೀರೆ, ಅಕ್ಕನ ಪಾಲು

ನಮ್ಮ ಮನೆಯಲ್ಲಿ ತೆಲುಗು, ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಇಂಗ್ಲಿಷ್, ಕೌಲ್ ಬಜಾರಿನ ಅಂಗಡಿಗಳಲ್ಲಿ ಕನ್ನಡ. ಹಾಗೆ ಬೆಳೆದವಳು ನಾನು. ಬಳ್ಳಾರಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡಿದಷ್ಟು ವರ್ಷವೂ, ಯಾರು ಯಾವ ಭಾಷೆಯಲ್ಲಿ ಮಾತಾಡಿಸಿದರೂ ಅದರಲ್ಲೇ ಉತ್ತರ ಕೊಡುವುದು ನನಗೆ ಹ್ಯಾಬಿಟ್.

ಪ್ರಾಕ್ಟೀಸ್ ಬಿಟ್ಟ ಮೇಲೆ ಭಾನುವಾರ ಕುರುಗೋಡಿಗೆ ಹೋಗಿ ಫ್ರೀಯಾಗಿ ಕಾನೂನು ಸಲಹೆ ಕೊಡತೊಡಗಿದೆ. ಫ್ರೀ ಅಂದರೆ ಜನಕ್ಕೆ ಡೌಟು. ಈ ಮುದುಕಿ ಎಲೆಕ್ಷನ್ನಿಗೆ ನಿಲ್ಲತಾಳೇನು ಅಂತ ನನ್ನ ಡ್ರೈವರನ್ನೇ ಕೇಳಿದ್ದರಂತೆ.

ಹೋದ ವರ್ಷ ಬಾದನಹಟ್ಟಿಯ ಹೆಂಗಸೊಬ್ಬಳು ತಮ್ಮನ ಜೊತೆ ಬಂದಳು. ಸಿರುಗುಪ್ಪದ ಕಡೆ ತೀರಿಹೋದ ಅಪ್ಪನ ಗದ್ದೆ ಇತ್ತು. ಅವಳ ಪಾಲನ್ನು ಬಿಟ್ಟುಕೊಡುವ ಪತ್ರ ತಮ್ಮನ ಕೈಯಲ್ಲಿ, ಜೊತೆಗೆ ಹೊಸ ಸೀರೆಯ ಕವರ್. ನಮ್ಮಲ್ಲಿ ತವರಿನವರು ಮಗಳಿಗೆ ಸೀರೆ, ಕುಬಸ, ಕೊಬ್ಬರಿ ಇಟ್ಟು ಉಡಿ ತುಂಬುತ್ತಾರೆ. ಎಷ್ಟೋ ಮನೆಗಳಲ್ಲಿ ಅದರ ಬೆನ್ನಿಗೇ ಸಹಿ ಕೇಳುತ್ತಾರೆ. ನನಗೆ ಅನುಮಾನ ಬಂದದ್ದು ಆ ಕವರ್ ನೋಡಿ.

ಅವನು ಆದೋನಿಯಲ್ಲಿ ಹತ್ತಿ ವ್ಯಾಪಾರದವನು, ತೆಲುಗಿನಲ್ಲೇ ಶುರು ಮಾಡಿದ. ನಾನೂ ತೆಲುಗಿನಲ್ಲೇ ಉತ್ತರ ಕೊಟ್ಟು, ಅವನನ್ನು ಹೊರಗೆ ಕಳಿಸಿದೆ. ಅಕ್ಕ ಮಾತ್ರ ಕುರ್ಚಿಯಲ್ಲಿ ಕೂರಲೇ ಇಲ್ಲ. ಅವಳಿಗೆ ತೆಲುಗು ಬಾರದು.

"ನೀವೂ ಅವನ ಕಡೆಯವರೇನ್ರಿ ಅಮ್ಮಾರ? ಇಬ್ರೂ ಏನ್ ಮಾತಾಡಿಕೊಂಡ್ರಿ?"

ಎಷ್ಟು ಹೇಳಿದರೂ ನಂಬಲಿಲ್ಲ. ಅವನನ್ನು ಕರೆದು ಅವನ ಮುಂದೆಯೇ ಹೇಳಬೇಕು ಅಂದಳು. ಕರೆಸಿದೆ. ಅಕ್ಕ ತನ್ನನ್ನು ನಂಬುತ್ತಾಳೆ, ಓದಿ ಹೇಳುವುದೇನೂ ಬೇಡ, ಸಹಿ ಹಾಕಿಸಿ ಅಂತ ಅವನು ಅಂದದ್ದನ್ನೂ, ಓದದೆ ಹಾಕಿಸುವುದಿಲ್ಲ ಅಂತ ನಾನು ಅಂದದ್ದನ್ನೂ ಕನ್ನಡದಲ್ಲಿ ಒಪ್ಪಿಸಿದೆ. ಆಮೇಲೆ ಪತ್ರವನ್ನೂ ಓದಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ನಂಬೀನಿ ಅಂದ್ರ ಓದಿಸಬಾರದೇನಲೇ?"

ತವರು ಬೇಕೋ ಬೇಡವೋ ಯೋಚನೆ ಮಾಡು ಅಂತ ಅವನು ಮೆಲ್ಲಗೆ ಅಂದ. ಅವಳ ಮುಖ ಸಣ್ಣದಾಯಿತು. ಸಹಿ ಹಾಕಿಬಿಡುತ್ತಾಳೆ ಅಂದುಕೊಂಡೆ, ಫ್ರಾಂಕ್ಲಿ. ಅವಳು ಸೀರೆಯ ಕವರನ್ನು ಅವನ ಕೈಗೇ ಕೊಟ್ಟಳು.

"ಹೆಂಡ್ತೀನ ಕರಕೊಂಡು ಮನಿಗಿ ಬಂದು ಉಡಿ ತುಂಬು. ಪಾಲು ಬಿಡಂಗಿಲ್ಲ."

ಅವನು ನನ್ನನ್ನು ದುರುಗುಟ್ಟಿ ನೋಡಿ ಹೊರಟುಹೋದ. ಇನ್ನು ಪಾಲು ಕೇಳುವ ಅರ್ಜಿಯ ಕೆಲಸ ನಾನೇ ನೋಡುತ್ತೇನೆ ಅಂದೆ. ಅವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಬಳ್ಳಾರಿಯ ಬೇರೆ ವಕೀಲರಿಗೂ ಒಮ್ಮೆ ತೋರಿಸುತ್ತೇನೆ, ಸಿಟ್ಟಾಗಬೇಡಿ ಅಂದಳು.

ತೋರಿಸಮ್ಮ ಅಂದೆ. ಅವರೂ ತೆಲುಗಿನವರೇ ಇದ್ದಾರು ಅಂತ ಮಾತ್ರ ಹೇಳಲಿಲ್ಲ.