ತುರುಬು ಕಟ್ಟುವ ಕೈ

ತುರುಬು ಕಟ್ಟಲು ಕನ್ನಡಿ ಬೇಡ, ಬೆಳಕೂ ಬೇಡ. ಎರಡು ಕೈಗಳು ತಲೆಯ ಹಿಂದೆ ಸಂಧಿಸಿದರೆ ಸಾಕು ಎಂಬುದು, ಓದುಗ ಮಿತ್ರರೇ, ಬಚ್ಚಲ ಹೊಸ್ತಿಲಲ್ಲಿ ಜಾರಿ ಬಲಭುಜ ಮುರಿದುಕೊಳ್ಳುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಎಲುಬು ಟೊಳ್ಳಾಗಿದೆ, ಸ್ಕ್ರೂ ಹಾಕಿದರೂ ಬಿಗಿಯಾಗಿ ಹಿಡಿಯುವುದು ಅನುಮಾನ, ಮುರಿದ ತುಣುಕುಗಳು ಹೆಚ್ಚು ಸರಿದೂ ಇಲ್ಲ ಎಂದ ವೈದ್ಯರು ಶಸ್ತ್ರಚಿಕಿತ್ಸೆಯ ಗೊಡವೆಗೆ ಹೋಗದೆ ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ತೂಗುಹಾಕಿದರು. ತುಸು ಕೂಡಿಕೊಂಡ ಮೇಲೆ ಬಾಗಿ ನಿಂತು ಲೋಲಕದಂತೆ ಆಡಿಸಲು, ಆನಂತರ ಮೆಲ್ಲಗೆ ಮೇಲೆತ್ತಲು ಹೇಳಿದರು. ಎಕ್ಸ್‌ರೇ ಮೇಲೆ ದಿನಾಂಕವಿತ್ತು. ಮುಕ್ಕಾದ ಶಾಸನಗಳ ಕಾಲವನ್ನು ತಿಥಿ, ವಾರ, ಗ್ರಹಣಗಳೊಡನೆ ತಾಳೆನೋಡುವುದರಲ್ಲೇ ಆಯುಷ್ಯ ಕಳೆದ ನನಗೆ ಅದು ಒಪ್ಪಿಗೆಯಾಗಲಿಲ್ಲ: ಅದು ಬಿದ್ದ ದಿನದ್ದು, ಸವೆಯತೊಡಗಿದ ದಿನದ್ದಲ್ಲ. ಸದ್ದಿಲ್ಲದೆ ಸವೆಯುವುದರ ಕಾಲವನ್ನು ಬರೆದಿಡುವವರು ಯಾರು? ಒಂಟಿತನವೂ ಹಾಗೆಯೇ. ಅವ್ವ ತೀರಿದ ದಿನದಿಂದ ಎಣಿಸಬೇಕೋ, ನಿವೃತ್ತಿಯ ದಿನದಿಂದಲೋ ಎಂದು ತಾಳೆನೋಡಿದೆ, ಎರಡೂ ಕೂಡಿಬರಲಿಲ್ಲ.

ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಎದುರುಮನೆಯ ಕಾಶವ್ವ, ಮಗಳನ್ನು ತಿಕೋಟಕ್ಕೆ ಕೊಟ್ಟವಳು, ನಾನು ಬೀಳುವವರೆಗೆ ಹಾಲಿನವನು ಬಂದನೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದಳು. ನನ್ನ ಕೆದರಿದ ತಲೆ ಕಂಡ ಮೇಲೆ ದಿನವೂ ಬೆಳಿಗ್ಗೆ ಹಣಿಗೆ ಹಿಡಿದು ಬರತೊಡಗಿದಳು.

“ಊರ ಕಲ್ಲೆಲ್ಲಾ ಓದೀರಿ ಬಾಯಾರ, ನಿಮ್ಮ ತಲ್ಯಾಗಿನ ಸಿಕ್ಕ ಯಾರು ಓದಬೇಕ್ರಿ?”

ಎಣ್ಣೆಯ ಬೆರಳು ನೆತ್ತಿಗೆ ತಾಗಿದಾಗ, ಅವ್ವನ ತರುವಾಯ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲವೆಂಬುದು ತಿಳಿದು, ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದೆ.

ಕೈ ಮೆಲ್ಲಮೆಲ್ಲನೆ ಏರಿತು. ಗದ್ದ ಮುಟ್ಟಿತು, ಕಿವಿ ಮುಟ್ಟಿತು. ಕೊನೆಗೊಂದು ಬೆಳಿಗ್ಗೆ ಅಂಕುಡೊಂಕಾಗಿಯಾದರೂ ತುರುಬು ನಿಂತಿತು. ಹಿಗ್ಗಬೇಕಾದವಳು ಅದನ್ನು ಬಿಚ್ಚಿ, ಕೂದಲು ಹರವಿಕೊಂಡು ಕುಳಿತೆ. ಕೈ ಬಂತೆಂದರೆ ಕಾಶವ್ವ ಬರುವುದಿಲ್ಲ. ಕಾಲಗಣನೆಯಲ್ಲಿ ಒಂದು ದಿನದ ತಪ್ಪನ್ನೂ ಸಹಿಸದ ನಾನು ಗುಣವಾದ ದಿನವನ್ನು ಮುಂದೂಡುತ್ತಲೇ ಹೋದೆ.

ಮೊನ್ನೆ ಅವಳ ಹಣಿಗೆ ನಡುವೆ ನಿಂತಿತು. ಆಗತಾನೆ ಕಟ್ಟಿ ಬಿಚ್ಚಿದ ತುರುಬಿನ ಸುರುಳಿ ನನ್ನ ಕೂದಲಲ್ಲಿ ಇನ್ನೂ ಉಳಿದಿತ್ತು.

“ಕೈ ಮ್ಯಾಲ ಏರಾಕತ್ತೈತಿ, ಹೌದಲ್ರಿ?”

ಹೌದೆಂದೆ. ಅವಳು ಹಣಿಗೆಯನ್ನು ನನ್ನ ಬಲಗೈಯಲ್ಲಿಟ್ಟು, ಕುರ್ಚಿಯ ಮುಂದೆ, ನನ್ನ ಕೈಗೆ ಎಟುಕುವಂತೆ, ನೆಲದ ಮೇಲೆ ಬೆನ್ನು ಮಾಡಿ ಕುಳಿತು ತನ್ನ ನರೆತ ಜಡೆ ಬಿಚ್ಚಿದಳು.

“ಹಂಗಾರ ನನ್ನ ತಲಿ ಬಾಚ್ರಿ. ಮಗಳು ಹೋದಮ್ಯಾಲ ಯಾರೂ ಬಾಚಿಲ್ಲ.”

ಭುಜ ಇನ್ನೂ ನೋಯುತ್ತಿತ್ತು. ನಾನು ಬೈತಲೆ ತೆಗೆಯತೊಡಗಿದೆ.